ಗಿಣಿಗೇರಾ ಆರ್ಡರಿಗೆ ಸಹಿ ಹಾಕುವ ಮುಂಚೆ

ಮಗಳೇ,

ನಿನ್ನೆ ರಾತ್ರಿ ಫೋನಿನಲ್ಲಿ ದನಿ ಕೇಳಿದಾಗಲೇ ಗೊತ್ತಾಯಿತು, ಎಷ್ಟು ಖುಷಿಯಾಗಿದ್ದೀಯ ಅಂತ. ಹನ್ನೆರಡು ಜನರನ್ನು ಇಟ್ಟುಕೊಂಡು ಕೊಪ್ಪಳದಲ್ಲಿ ಎರಡು ಆಸ್ಪತ್ರೆ, ಒಂದು ಬ್ಯಾಂಕಿನ ಕ್ಲೀನಿಂಗ್ ನೋಡಿಕೊಳ್ಳುತ್ತಿದ್ದವಳಿಗೆ ಗಿಣಿಗೇರಾ ಕಡೆಯ ಫ್ಯಾಕ್ಟರಿಯಿಂದ ಒಮ್ಮೆಗೇ ನಲವತ್ತು ಜನರ ಹೌಸ್‌ಕೀಪಿಂಗ್ ಆರ್ಡರ್ ಬಂದರೆ ಯಾರಿಗೆ ಖುಷಿ ಆಗಲ್ಲ? ನನಗೂ ಆಯಿತು. ಆದರೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎದ್ದು ಪೆನ್ನು ಹಿಡಿದು ಲೆಕ್ಕ ಹಾಕಿದೆ.

ತಲೆಗೆ 15,000 ಸಂಬಳ ಅಂತ ಇಟ್ಟುಕೋ. ನಲವತ್ತು ಜನಕ್ಕೆ ತಿಂಗಳಿಗೆ 6 ಲಕ್ಷ. ನಿನ್ನ ಪಾಲಿನ ಪಿಎಫ್ ಎಲ್ಲಾ ಸೇರಿ ನೂರಕ್ಕೆ 13, ಕೆಲಸದವರ ಚಿಕಿತ್ಸೆಯ ವಿಮೆ ಇಎಸ್ಐ ನೂರಕ್ಕೆ 3.25. ಅಲ್ಲಿಗೆ 6,97,500. ನಿನ್ನ ಸರ್ವಿಸ್ ಚಾರ್ಜ್ 8 ಪರ್ಸೆಂಟ್ ಅಂದೆಯಲ್ಲ, ಅದು 55,800. ಇಷ್ಟರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅದು 1.35 ಲಕ್ಷ ದಾಟುತ್ತದೆ. ಅವರು 60 ದಿನಕ್ಕೆ ದುಡ್ಡು ಕೊಡುತ್ತಾರಂತೆ. ಅಂದರೆ ಜನವರಿ ಕೆಲಸಕ್ಕೆ ಫೆಬ್ರವರಿ 1ಕ್ಕೆ ಬಿಲ್ ಹಾಕಿದರೆ ಏಪ್ರಿಲ್‌ಗೆ ದುಡ್ಡು. ಅಷ್ಟರಲ್ಲಿ ನೀನು ಎರಡು ತಿಂಗಳ ಸಂಬಳ, ಪಿಎಫ್, ಇಎಸ್ಐ ಕೊಟ್ಟಿರಬೇಕು, ಮೊದಲ ಬಿಲ್ಲಿನ ಜಿಎಸ್‌ಟಿಯನ್ನೂ ಮಾರ್ಚ್ 20ರ ಒಳಗೆ ಕಟ್ಟಿರಬೇಕು. ಅವರು ಕೊಟ್ಟ ಮೇಲೆ ಜಿಎಸ್‌ಟಿ ಕಟ್ಟಿದರಾಯಿತು ಅಂತ ತುಂಬಾ ಜನ ತಿಳಿದಿರುತ್ತಾರೆ, ಹಾಗಲ್ಲ, ಬಿಲ್ ಹಾಕಿದ ಮೇಲೆ ಕಟ್ಟಲೇಬೇಕು. ಒಟ್ಟು 15 ಲಕ್ಷಕ್ಕಿಂತ ಜಾಸ್ತಿ ನಿನ್ನ ಕೈಯಿಂದ ಹೋಗಿರುತ್ತದೆ. ಬೋನಸ್, ಯೂನಿಫಾರಂ, ಸೂಪರ್‌ವೈಸರ್ ಸಂಬಳ ಇನ್ನೂ ಸೇರಿಸಿಲ್ಲ. ನಿನ್ನ ಹತ್ತಿರ ಎಷ್ಟಿದೆ ಅಂತ ನನಗೆ ಗೊತ್ತು.

ಇನ್ನೊಂದು ವಿಷಯ ನಿನ್ನ ಗಮನಕ್ಕೆ ಬಂದ ಹಾಗಿಲ್ಲ. ಈಗ ನಿನ್ನಲ್ಲಿ ಇಪ್ಪತ್ತು ಜನ ಇಲ್ಲ, ಹಾಗಾಗಿ ಪಿಎಫ್ ಕಟ್ಟುತ್ತಿಲ್ಲ. ಇಪ್ಪತ್ತು ಆದ ಕೂಡಲೇ ಹಳೆಯ ಹನ್ನೆರಡು ಜನಕ್ಕೂ ಕಟ್ಟಬೇಕು. ಆಸ್ಪತ್ರೆಯವರಿಗೆ ನೀನು ಕೊಟ್ಟ ರೇಟಿನಲ್ಲಿ ಅದು ಸೇರಿಲ್ಲ, ಅಲ್ವಾ? ಹೊಸ ಆರ್ಡರ್ ಒಪ್ಪುವ ಮುಂಚೆ ಹಳೆಯವರ ಹತ್ತಿರ ಕೂತು ರೇಟು ಮಾತಾಡು. ಆಮೇಲೆ ಕೇಳಿದರೆ ಕೊಡಲ್ಲ.

ಇಷ್ಟು ಹೆದರಿಸುತ್ತಿರುವುದಕ್ಕೆ ಕಾರಣ ಇದೆ. ನಾಲ್ಕು ವರ್ಷದ ಹಿಂದೆ ಬಳ್ಳಾರಿಯಲ್ಲಿ ನಾನೂ ಕೈ ಮೀರಿ ದೊಡ್ಡ ಕೆಲಸ ಹಿಡಿದೆ. ಬಿಲ್ಲು ತಡವಾಯಿತು. ಸಂಬಳ ಹೇಗೋ ಕೊಟ್ಟೆ, ಇಎಸ್ಐ ಮಾತ್ರ ಮುಂದಿನ ತಿಂಗಳು ಕಟ್ಟಿದರಾಯಿತು ಅಂತ ಬಿಟ್ಟೆ. ಹಾಗೇ ಎರಡು ತಿಂಗಳಾಯಿತು. ಒಂದು ಮಧ್ಯಾಹ್ನ ನಮ್ಮ ಕೆಲಸದ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ಬಂದು ನಿಂತಳು. ಗಂಡನಿಗೆ ಆಪರೇಷನ್ ಆಗಬೇಕಿತ್ತು. ಇಎಸ್ಐ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಸೆರಗಿನ ತುದಿಗೆ ಗಂಟು ಕಟ್ಟಿಕೊಂಡಿದ್ದಳು. ಗಂಟು ಬಿಚ್ಚಿ ಕಾರ್ಡ್ ನನ್ನ ಕೈಗಿಟ್ಟು, "ಅಕ್ಕಾ, ದುಡ್ಡು ತುಂಬಿಲ್ಲ ಅಂತಾರೆ, ನೀವು ಹಿಡಿದಿದ್ದೀರಲ್ಲ" ಅಂದಳು. ಹೌದು, ನೂರಕ್ಕೆ ಮುಕ್ಕಾಲು ರೂಪಾಯಿಯಂತೆ ಅವಳ ಸಂಬಳದಲ್ಲಿ ಹಿಡಿದಿದ್ದೆ. ಅದು ಅವಳ ದುಡ್ಡು. ಅವತ್ತು ಸಂಜೆ ಬಳೆ ಅಡವಿಟ್ಟು ಆಪರೇಷನ್ನಿಗೂ ಕೊಟ್ಟೆ, ಬಾಕಿಯನ್ನೂ ಕಟ್ಟಿದೆ. ಬಳೆ ಆಮೇಲೆ ಬಿಡಿಸಿಕೊಂಡೆ. ಆದರೆ ಅವಳು ಆ ಗಂಟು ಬಿಚ್ಚಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಿನಗೆ ಅಂಥ ದಿನ ಬರಬಾರದು. ಪ್ರತಿ ತಿಂಗಳು 15ನೇ ತಾರೀಖಿನ ಒಳಗೆ ಪಿಎಫ್, ಇಎಸ್ಐ ಎರಡೂ ಹೋಗಲಿ, ಅದಕ್ಕೆ ಬೇರೆ ಖಾತೆಯನ್ನೇ ಇಡು.

ಹಾಗಂತ ಆರ್ಡರ್ ಬೇಡ ಅಂತ ಹೇಳುತ್ತಿಲ್ಲ. ಮೊದಲು ಒಂದು ಪಾಳಿಗೆ ಹದಿನೈದು ಜನ ಕೊಡುತ್ತೇನೆ, ಮೂರು ತಿಂಗಳು ನೋಡಿ ಅಂತ ಕೇಳು. ಆಗ ನೀನು ಹಾಕಬೇಕಾದ ದುಡ್ಡು 6 ಲಕ್ಷದ ಒಳಗೆ ಬರುತ್ತದೆ, ಅಷ್ಟು ನಾವು ಹೊಂದಿಸಬಹುದು. ಉದ್ಯಮ ರಿಜಿಸ್ಟ್ರೇಶನ್, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ದಾಖಲು, ಮಾಡಿಸಿದ್ದೀಯಾ? ಫೀಸಿಲ್ಲ, ಆನ್‌ಲೈನಿನಲ್ಲೇ ಆಗುತ್ತದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನಿನ್ನಂಥ ಸಣ್ಣವರಿಗೆ 45 ದಿನದ ಒಳಗೆ ದುಡ್ಡು ಕೊಡಬೇಕು, ಕಾಗದದಲ್ಲಿ 60 ಅಂತ ಬರೆದಿದ್ದರೂ ಅಷ್ಟೇ. 2024ರ ಏಪ್ರಿಲ್‌ನಿಂದ ಇನ್ನೊಂದು ಬಿಗಿ ಬಂದಿದೆ: ಆ ಗಡುವು ಮೀರಿ ವರ್ಷದ ಕೊನೆಗೂ ಕೊಡದಿದ್ದರೆ ಅವರಿಗೆ ಇನ್‌ಕಂ ಟ್ಯಾಕ್ಸಿನಲ್ಲಿ ಆ ಖರ್ಚು ಆ ವರ್ಷ ಸಿಗಲ್ಲ. ಅವರ ಅಕೌಂಟ್ಸ್‌ನವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಜಗಳಕ್ಕೆ ಹೋಗಬೇಡ, ಸಹಿಗೆ ಮುಂಚೆ ನಗುನಗುತ್ತಲೇ 30 ದಿನ ಅಂತ ಬರೆಸಿಕೋ. ಫಿನಾಯಿಲು, ಮಾಪು ಯಾರದು ಅನ್ನೋದೂ ಅದರಲ್ಲೇ ಬರಲಿ.

ಜನದ ವಿಷಯ ನಿನಗೇ ಚೆನ್ನಾಗಿ ಗೊತ್ತು. ಆದರೂ ಹೇಳುತ್ತೇನೆ, ಗವಿಮಠದ ಜಾತ್ರೆಗೆ ನಿನ್ನ ಅರ್ಧ ಜನ ಬರಲ್ಲ, ಬರಲೂ ಬಾರದು, ಅದು ಅವರ ಜಾತ್ರೆ. ಬದಲಿಗೆ ಬರುವ ಇಬ್ಬರು ಮೂವರನ್ನು ವರ್ಷವಿಡೀ ಕೈಯಲ್ಲಿ ಇಟ್ಟುಕೋ, ಆ ಖರ್ಚನ್ನೂ ರೇಟಿನಲ್ಲಿ ಸೇರಿಸು.

ಭಾನುವಾರ ಬೆಳಿಗ್ಗೆ ಬಸ್ ಹತ್ತಿ ಬಂದುಬಿಡು. ಆರ್ಡರಿನ ಮೊದಲ ಹಾಳೆಯನ್ನಷ್ಟೇ ವಾಟ್ಸಾಪ್ ಮಾಡಿದ್ದೀಯ, ಅದರಲ್ಲಿ ಏನೂ ಇರಲ್ಲ. ಎಲ್ಲಾ ಹಾಳೆ ತಗೊಂಡು ಬಾ, ದಂಡದ ವಿಷಯ ಕೊನೆಯ ಹಾಳೆಗಳಲ್ಲೇ ಇರೋದು. ಊಟ ಮಾಡಿ ಇಬ್ಬರೂ ಕೂತು ಓದೋಣ. ಅಲ್ಲಿಯವರೆಗೆ ಸಹಿ ಹಾಕಬೇಡ.

ನಿನ್ನ ದೊಡ್ಡಮ್ಮ
ಬಳ್ಳಾರಿ