ತಂಡದ ಎಲ್ಲರ ಹೆಸರೂ ಪತ್ರಿಕೆಯಲ್ಲಿ ಬರಲಿ

ಮಾನ್ಯ ಸಂಪಾದಕರೇ,

ಅಮೆರಿಕದ ವೃತ್ತಿಪರ ಫುಟ್‌ಬಾಲ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿ ನಡೆಸುವ ಆಟಗಾರ) ಒಬ್ಬರು ತಂಡ, ಗೆಲುವು ಮತ್ತು ನಾಯಕತ್ವದ ಕುರಿತು ಹಂಚಿಕೊಂಡ ಅನಿಸಿಕೆಗಳನ್ನು ತಮ್ಮ ಪತ್ರಿಕೆಯ ಕ್ರೀಡಾ ಪುಟದಲ್ಲಿ ಓದಿದೆ. ಮಂಗಳೂರಿನ ನೆಹರೂ ಮೈದಾನದಲ್ಲಿ ನಮ್ಮ ಹುಡುಗರು ಆಡುವ ಫುಟ್‌ಬಾಲ್ ಬೇರೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆ ಆಟವೇ ಬೇರೆ. ಆದರೂ ಶಾಲಾ ಮಕ್ಕಳಿಗೆ ಕಬಡ್ಡಿ, ವಾಲಿಬಾಲ್ ಕಲಿಸುತ್ತಲೇ ಸೇವಾವಧಿ ಕಳೆದ ನನಗೆ, ಗೆಲುವಿನ ಶ್ರೇಯಸ್ಸು ಕೊನೆಗೆ ಯಾರ ಹೆಸರಿನಲ್ಲಿ ದಾಖಲಾಗುತ್ತದೆ ಎಂಬ ವಿಚಾರವನ್ನು ಈ ಸಂದರ್ಭದಲ್ಲಿ ತಮ್ಮ ಗಮನಕ್ಕೆ ತರಬೇಕೆನಿಸಿತು.

ಆ ಆಟದಲ್ಲಿ ಒಂದು ತಂಡದಿಂದ 11 ಮಂದಿ ಕಣದಲ್ಲಿರುತ್ತಾರೆ. ಕ್ವಾರ್ಟರ್‌ಬ್ಯಾಕ್‌ನ ಮುಂದೆ ಸಾಲಾಗಿ ನಿಲ್ಲುವ ಐವರು ದಢೂತಿ ಆಟಗಾರರು ಎದುರಾಳಿಗಳನ್ನು ಎರಡು ಮೂರು ಸೆಕೆಂಡ್ ತಡೆದು ನಿಲ್ಲಿಸಿದರಷ್ಟೇ ಅವನ ಕೈಚಳಕಕ್ಕೆ ಅವಕಾಶ. ಬಲಗೈಯಲ್ಲಿ ಎಸೆಯುವವನಿಗೆ ಎಡಗಡೆ ಬೆನ್ನ ಹಿಂದಿನಿಂದ ನುಗ್ಗಿಬರುವವನು ಕಾಣಿಸುವುದೇ ಇಲ್ಲ. ಆ ಬದಿಯನ್ನು ಕಾಯುವವನ ಮೇಲೆ ಭಾರ ಹಾಕಿ ಅವನು ಮುಂದೆ ನೋಡಬೇಕು. ತರಬೇತುದಾರರ ಸೂಚನೆ ಹೆಲ್ಮೆಟ್‌ನೊಳಗಿನ ರೇಡಿಯೊದಲ್ಲಿ ಕೇಳಿಸುತ್ತದೆ ನಿಜ, ಆದರೆ ಪ್ರತಿ ಸಲ ಚೆಂಡು ಆಡಿಸಲು ಕೊಡುವ ಸಮಯದಲ್ಲಿ 15 ಸೆಕೆಂಡ್ ಉಳಿದಾಗ ಅದೂ ಬಂದ್. ಅನಂತರ ಎದುರಾಳಿಗಳು ನಿಂತ ಬಗೆ ನೋಡಿ ಯೋಜನೆ ಬದಲಿಸಬೇಕೆನಿಸಿದರೆ ಅವನೇ ಕೂಗಿ ಹೇಳಬೇಕು, ಪ್ರೇಕ್ಷಕರ ಗದ್ದಲದ ನಡುವೆ ಅದು ಉಳಿದ ಹತ್ತು ಮಂದಿಗೂ ತಿಳಿಯಬೇಕು. ಒಬ್ಬನಿಗೆ ತಪ್ಪಿದರೂ ಆಟ ಕೆಟ್ಟಂತೆಯೇ. ಇಷ್ಟೆಲ್ಲ ಇದ್ದರೂ ಆ ಲೀಗ್‌ನಲ್ಲಿ ಅತಿ ದೊಡ್ಡ ಸಂಭಾವನೆ ಕ್ವಾರ್ಟರ್‌ಬ್ಯಾಕ್‌ಗಳದ್ದು, ಮತ್ತು 1967ರಲ್ಲಿ ಶುರುವಾದ, ಆ ಲೀಗ್ ಫೈನಲ್ ಎನಿಸಿದ ಸೂಪರ್ ಬೌಲ್‌ನ ಪಂದ್ಯಶ್ರೇಷ್ಠ ಪ್ರಶಸ್ತಿ ಆ ಮುಂಸಾಲಿನ ಐವರಲ್ಲಿ ಯಾರೊಬ್ಬರಿಗೂ ಇದುವರೆಗೆ ಒಲಿದಿಲ್ಲ. ಆದ್ದರಿಂದ, ಇದು ತಂಡದ ಗೆಲುವು ಎಂದು ಕ್ವಾರ್ಟರ್‌ಬ್ಯಾಕ್ ಹೇಳಿದಾಗ ಅದನ್ನು ಬರೀ ಸೌಜನ್ಯದ ಮಾತೆಂದು ತಳ್ಳಿಹಾಕುವವರನ್ನು ನಾನು ದೂರುವುದಿಲ್ಲ.

ಆದರೆ ಮಾತಿಗೆ ತಕ್ಕ ನಡತೆಯೂ ಅಲ್ಲಿ ಕಂಡದ್ದುಂಟು. ಏಳು ಸೂಪರ್ ಬೌಲ್ ಗೆದ್ದ ಟಾಮ್ ಬ್ರೇಡಿ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2000ದ ಆಯ್ಕೆ ಪ್ರಕ್ರಿಯೆಯಲ್ಲಿ 199ನೆಯವರಾಗಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಸೇರಿದವರು. ಮರುವರ್ಷ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್ಸೋ ಗಾಯಗೊಂಡದ್ದರಿಂದಲೇ ಅವರಿಗೆ ಅವಕಾಶ ಸಿಕ್ಕಿತು. ಚೇತರಿಸಿಕೊಂಡರೂ ಸ್ಥಾನ ಮರಳಿ ಸಿಗದೆ ಬೆಂಚಿನಲ್ಲಿ ಕುಳಿತಿದ್ದ ಬ್ಲೆಡ್ಸೋ, 2002ರ ಜನವರಿಯಲ್ಲಿ ಫೈನಲ್‌ಗೆ ಮುನ್ನಿನ ಪಂದ್ಯದಲ್ಲಿ ಬ್ರೇಡಿಯ ಪಾದದ ಗಂಟಿಗೆ ಪೆಟ್ಟಾದಾಗ ಕಣಕ್ಕಿಳಿದು ಪಂದ್ಯ ಗೆಲ್ಲಿಸಿಕೊಟ್ಟರು. ಆ ವರ್ಷದ ಫೈನಲ್‌ಗೆ ಮೊದಲು, ಆಟಗಾರರನ್ನು ಒಬ್ಬೊಬ್ಬರಾಗಿ ಹೆಸರು ಕೂಗಿ ಮೈದಾನಕ್ಕೆ ಕರೆಯುವ ಪದ್ಧತಿಯನ್ನು ಬಿಟ್ಟು ಇಡೀ ತಂಡ ಒಟ್ಟಾಗಿ ಓಡಿಬಂತು, 20-17ರಿಂದ ಗೆದ್ದಿತು. 2015ರ ಫೈನಲ್‌ನಲ್ಲಿ ಪಂದ್ಯಶ್ರೇಷ್ಠರಾದ ಬ್ರೇಡಿಗೆ ಬಹುಮಾನವಾಗಿ ಬಂದ ಪಿಕಪ್ ವಾಹನ ಮಾಲ್ಕಮ್ ಬಟ್ಲರ್ ಎಂಬ ಹೊಸ ಹುಡುಗನ ಪಾಲಾಯಿತು. ಕೊನೆಯ ಸೆಕೆಂಡುಗಳಲ್ಲಿ ಗೋಲುಗೆರೆಯ ಬಳಿ ಎದುರಾಳಿಯ ಎಸೆತವನ್ನು ಹಿಡಿದು ಪಂದ್ಯ ಉಳಿಸಿದವನು ಆತನೇ. ಆ ಹೊತ್ತಿನಲ್ಲಿ ಬ್ರೇಡಿ ಗೆರೆಯಾಚೆ ನಿಂತು ನೋಡುತ್ತಿದ್ದರು.

ಈಗ ನಮ್ಮಲ್ಲಿಗೆ ಬರೋಣ. ಉಡುಪಿಯ ಅಜ್ಜರಕಾಡು ಕ್ರೀಡಾಂಗಣದಲ್ಲಿ ಶಾಲಾ ಕಬಡ್ಡಿ ನೋಡಿದವರಿಗೆ ಗೊತ್ತಿರುತ್ತದೆ: ರೈಡರ್ ಬೋನಸ್ ಗೆರೆಗೆ ಕಾಲು ಚಾಚಿದ ಕ್ಷಣಕ್ಕೆ ಲೆಫ್ಟ್ ಕಾರ್ನರ್‌ನ ಹುಡುಗ ನೆಲಕ್ಕೆ ಬಿದ್ದು ಪಾದ ಹಿಡಿಯುತ್ತಾನೆ, ಆದರೆ ಪಕ್ಕದ ಕವರ್‌ನವನು ಅದೇ ಉಸಿರಿನಲ್ಲಿ ಸೊಂಟಕ್ಕೆ ಮುಗಿಬೀಳದಿದ್ದರೆ ಆ ಹಿಡಿತ ನಿಲ್ಲುವುದಿಲ್ಲ. ಮರುದಿನದ ವರದಿಯಲ್ಲಿ ಈ ಇಬ್ಬರೂ ಇರುವುದಿಲ್ಲ. ಶಾಲೆಯ ಹೆಸರು, ಹೆಚ್ಚೆಂದರೆ ನಾಯಕನ ಹೆಸರು ಬಂದರೆ ಅದೇ ದೊಡ್ಡದು. ಚಿತ್ರದಲ್ಲಿಯೂ ಟ್ರೋಫಿಯ ಎಡಬಲದಲ್ಲಿ ಅತಿಥಿಗಳು, ಪ್ರಾಯೋಜಕರು, ಆಡಳಿತ ಮಂಡಳಿಯವರು; ಅವರ ಭುಜಗಳ ಸಂದಿಯಿಂದ ಇಣುಕುವ ಆಟಗಾರರು. ಚಿತ್ರದ ಅಡಿಯಲ್ಲಿ ಅತಿಥಿಗಳೆಲ್ಲರ ಹೆಸರು ಹುದ್ದೆ ಸಹಿತ ಅಚ್ಚಾಗಿರುತ್ತದೆ, ಆಡಿದ ಮಕ್ಕಳದ್ದು ಒಂದೂ ಇರುವುದಿಲ್ಲ. (ಊರಿನ ಗಣ್ಯರು ಕೋಪಿಸಿಕೊಂಡಾರು ಎಂಬ ವರದಿಗಾರರ ಸಂಕಟ ನನಗೆ ತಿಳಿಯದ್ದೇನಲ್ಲ.)

ಜಾಗದ ಅಭಾವವೆಂಬ ಉತ್ತರ ಬರಬಹುದು. ಆದರೆ ಕಂಬಳದ ಫಲಿತಾಂಶವನ್ನು ತಾವೇ ಎಷ್ಟು ಅಚ್ಚುಕಟ್ಟಾಗಿ ಪ್ರಕಟಿಸುತ್ತಿಲ್ಲವೇ? ಹಗ್ಗ, ನೇಗಿಲು, ಅಡ್ಡ ಹಲಗೆ ಎಂದು ವಿಭಾಗವಾರು ಕೋಣಗಳ ಯಜಮಾನರ ಹೆಸರು, ಅದರ ಕೆಳಗೆ ಓಡಿಸಿದವರ ಹೆಸರು, ಹಲಗೆ ವಿಭಾಗದಲ್ಲಾದರೆ ಹಲಗೆ ಮುಟ್ಟಿದವರ (ಹಲಗೆಯ ಮೇಲೆ ನಿಂತವರ) ಹೆಸರು. 2020ರಲ್ಲಿ ಐಕಳ ಕಂಬಳದ 142.5 ಮೀಟರ್ ಕರೆಯನ್ನು (ಓಟದ ಹಾದಿಯನ್ನು) 13.62 ಸೆಕೆಂಡ್‌ಗಳಲ್ಲಿ ಕ್ರಮಿಸಿದ ಶ್ರೀನಿವಾಸ ಗೌಡರನ್ನು ದೇಶವೇ ಉಸೇನ್ ಬೋಲ್ಟ್‌ಗೆ ಹೋಲಿಸಿದಾಗ, ಗೌಡರು ಗೆಲುವಿನಲ್ಲಿ ತಮ್ಮ ಕೋಣಗಳಿಗೂ ಪಾಲು ಕೊಟ್ಟು ಮಾತಾಡಿದ್ದರು. ಯಜಮಾನರನ್ನೂ ಓಟಗಾರರನ್ನೂ ಒಟ್ಟಿಗೆ ಅಚ್ಚು ಹಾಕುವ ರೂಢಿಯನ್ನು ಬೆಳೆಸಿದ ಕರಾವಳಿಯ ಪತ್ರಿಕೆಗಳಿಗೆ ಶಾಲಾ ತಂಡದ ಮಕ್ಕಳ ಹೆಸರು ಭಾರವಾಗಲಾರದು.

ನನ್ನ ಬೇಡಿಕೆ ಇಷ್ಟೇ. ತಾಲೂಕು ಮತ್ತು ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟಗಳಲ್ಲಿ ಪ್ರಥಮ ಸ್ಥಾನ ಪಡೆದ ತಂಡದ ಎಲ್ಲರ ಹೆಸರನ್ನೂ, ಕಣಕ್ಕಿಳಿಯದೆ ಕಾದು ಕುಳಿತ ಬದಲಿ ಆಟಗಾರರನ್ನೂ ಸೇರಿಸಿ, ಚಿಕ್ಕ ಅಕ್ಷರದಲ್ಲಾದರೂ ಪ್ರಕಟಿಸಬೇಕು. ಕಬಡ್ಡಿ ತಂಡಕ್ಕೆ ಮೂರು ಸಾಲು, ರಿಲೇಗೆ ಒಂದು ಸಾಲು ಸಾಕು. ಹೆಸರುಗಳ ಪಟ್ಟಿ ಸಂಘಟಕರ ಬಳಿ ಪ್ರವೇಶ ಪತ್ರದಲ್ಲಿಯೇ ಇರುತ್ತದೆ. ಅದರ ಫೋಟೊ ತೆಗೆದು ಫಲಿತಾಂಶದ ಜತೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಂತೆ ತಮ್ಮ ವರದಿಗಾರರು ದೈಹಿಕ ಶಿಕ್ಷಣ ಶಿಕ್ಷಕರಿಗೆ ಒಂದು ಮಾತು ಹೇಳಿದರೆ ಕೆಲಸ ಮುಗಿಯುತ್ತದೆ. ಮುಂಬರುವ ತಾಲೂಕು ಮಟ್ಟದ ಪಂದ್ಯಗಳ ವರದಿಯಿಂದಲೇ ಇದನ್ನು ಆರಂಭಿಸಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಉಡುಪಿ