ಎಲ್ಲ ಪ್ರಾಣಿಗೂ ಮೋಷನ್ ಕ್ಯಾಪ್ಚರ್ ಒಗ್ಗದು

ಮಾನ್ಯ ಸಂಪಾದಕರೇ,

ಸಿನಿಮಾದ ಪ್ರಾಣಿ, ದೈತ್ಯಜೀವಿಗಳಿಗೆಲ್ಲ ಮೋಷನ್ ಕ್ಯಾಪ್ಚರ್ (ನಟನ ಚಲನೆಯನ್ನು ದಾಖಲಿಸಿ ಕಂಪ್ಯೂಟರಿನ ಪಾತ್ರಕ್ಕೆ ಕೂರಿಸುವ ವಿಧಾನ) ನಟನೆಯೇ ಸರಿ ಎಂಬ ವಾದವನ್ನು ಒಪ್ಪಲಾಗದು. ಚಿಂಪಾಂಜಿ ಪಾತ್ರಕ್ಕೇನೋ ಅದು ಸೊಗಸಾಗಿ ಹೊಂದುತ್ತದೆ, ಅದರ ಮೈಕಟ್ಟು ನಮ್ಮದಕ್ಕೆ ಹತ್ತಿರ. ನಮ್ಮ ತೋಳು ಮಾತ್ರ ಅದರಷ್ಟು ಉದ್ದವಿಲ್ಲ. ಅದಕ್ಕೇ ನಟರು ಕೈಗೆ ಗಿಡ್ಡ ಊರುಗೋಲು ಹಿಡಿದು ನಡೆಯುತ್ತಾರೆ.

ಕುದುರೆಯ ವಿಷಯವೇ ಬೇರೆ. ಅದು ನಿಲ್ಲುವುದು ಬೆರಳ ತುದಿಯ ಮೇಲೆ. ಹಿಂಗಾಲಿನಲ್ಲಿ ಹಿಂದಕ್ಕೆ ಬಾಗಿದ ಮಂಡಿಯಂತೆ ಕಾಣುವುದು ನಿಜವಾಗಿ ಹಿಮ್ಮಡಿಯ ಕೀಲು. ಎದೆಗೂ ಹೆಗಲಿಗೂ ನಡುವಿನ ಕೊರಳೆಲುಬು (ಕಾಲರ್ ಮೂಳೆ) ಇಲ್ಲದ ಕಾರಣ ಹೆಗಲ ಮೂಳೆ ಪಕ್ಕೆಯ ಮೇಲೆ ಜಾರುತ್ತದೆ. ಕೈಕಾಲೂರಿದ ನಟನಲ್ಲಿ ಈ ಚಲನೆ ಸಿಗುವುದಿಲ್ಲ. ಅವನ ನಡಿಗೆಯನ್ನು ಬೇರೆ ಅಳತೆಯ ಕಾಲುಗಳಿಗೆ ಕೂರಿಸಿದರೆ ಪಾದ ನೆಲದ ಮೇಲೆ ಜಾರುತ್ತದೆ. ಆನಿಮೇಟರ್ ಒಂದೊಂದು ಹೆಜ್ಜೆಯನ್ನೂ ನೆಲಕ್ಕೆ ಕಚ್ಚಿಸಿ, ಸೊಂಟವನ್ನು ಮತ್ತೆ ತಿದ್ದಬೇಕು. ಅಷ್ಟು ತಿದ್ದುವ ಬದಲು ನಿಜ ಪ್ರಾಣಿಯ ವಿಡಿಯೊ ನೋಡಿ ಕೈಯಿಂದಲೇ ಆನಿಮೇಟ್ ಮಾಡುವುದು ಲೇಸು.

ದೈತ್ಯಜೀವಿಯ ಭಾರವೂ ಹಾಗೆಯೇ. ಕಾಲು 4 ಪಟ್ಟು ಉದ್ದವಾದರೆ ಸಹಜ ಹೆಜ್ಜೆಗೆ ಸುಮಾರು 2 ಪಟ್ಟು ಸಮಯ ಬೇಕು. ವೇಗ ತಗ್ಗಿಸದಿದ್ದರೆ ದೈತ್ಯ ಹಗುರ ಬೊಂಬೆಯಂತೆ ತೋರುತ್ತದೆ. ಎಲ್ಲವನ್ನೂ ಒಟ್ಟಿಗೆ ತಗ್ಗಿಸಿದರೆ ಕಣ್ಣರೆಪ್ಪೆಯೂ ತೂಕಡಿಸುತ್ತದೆ!

ಆದರೆ ನಟನ ಮುಖ ಬೇಕೇ ಬೇಕು. ನಟನ ಹೆಲ್ಮೆಟ್ಟಿಗೆ ಕಟ್ಟಿ ಮುಖಕ್ಕೆ ತಿರುಗಿಸಿದ ಕ್ಯಾಮೆರಾ ಹಿಡಿಯುವ ನೋಟ, ಹುಬ್ಬಿನ ನಡುಕ, ಮಾತಿನ ನಡುವಿನ ಉಸಿರು ಅಮೂಲ್ಯ. ಮೂತಿ ಉದ್ದವಿದ್ದಾಗ ‘ಪ, ಬ, ಮ’ ಅಕ್ಷರಗಳಿಗೆ ತುಟಿ ಸೇರಿಸುವ ಕೆಲಸ ಮಾತ್ರ ಮತ್ತೆ ಆನಿಮೇಟರ್ ಪಾಲಿಗೆ. ಹಾಗಾಗಿ ಪ್ರಶಂಸೆಯಲ್ಲಿ ನಟನ ಹೆಸರಿನ ಜೊತೆಗೆ ಆನಿಮೇಟರ್ ಹೆಸರೂ ಬರಲಿ.

– ಒಬ್ಬ ಆನಿಮೇಷನ್ ತಂತ್ರಜ್ಞ