ಮಗ್ಗದ ಸದ್ದಿಗೆ ಕಿವಿ ಕೊಟ್ಟವರಿಗೆಲ್ಲ

ಕಳೆದ ಶನಿವಾರ ನಮ್ಮ ನೃತ್ಯದ ಮೊದಲ ಪ್ರದರ್ಶನ ಆಯಿತು. ಮುಕ್ಕಾಲು ಗಂಟೆಯ ಸಂಗೀತದಲ್ಲಿ ಹಾಡಿಲ್ಲ, ವೀಣೆ ಮೃದಂಗ ಯಾವುದೂ ಇಲ್ಲ. ಇದ್ದದ್ದೆಲ್ಲ ದೊಡ್ಡಬಳ್ಳಾಪುರದ ಪವರ್‌ಲೂಮ್ ಮಗ್ಗಗಳ ಸದ್ದು. ಅದನ್ನೇ ಕಂಪ್ಯೂಟರಿನಲ್ಲಿ ಕತ್ತರಿಸಿ, ಎಳೆದು, ಚೂರು ಚೂರು ಮಾಡಿ ಮತ್ತೆ ಕಟ್ಟಿದ್ದೆವು. ಇಂಥದ್ದನ್ನು ಜನ ಕೊನೆಯವರೆಗೂ ಕೂತು ಕೇಳಿದರಲ್ಲ, ಆ ಖುಷಿ ಇನ್ನೂ ಇಳಿದಿಲ್ಲ. ಪೋಸ್ಟರಿನಲ್ಲಿ ಸಂಗೀತ ಅಂತ ಇರುವ ಕಡೆ ನನ್ನ ಹೆಸರಿದೆ. ಆದರೆ ಅದು ಸಂಗೀತ ಆಗಿದ್ದು ತುಂಬಾ ಜನರಿಂದ.

ಮೊದಲು ಮಗ್ಗದ ಮನೆಯ ಯಜಮಾನರಿಗೆ ನಮಸ್ಕಾರ. "ಈ ಸದ್ದಿನಿಂದ ತಪ್ಪಿಸಿಕೊಂಡರೆ ಸಾಕು ಅಂತೀವಿ ನಾವು, ನೀನು ಹುಡುಕಿಕೊಂಡು ಬಂದಿದ್ದೀಯಲ್ಲಪ್ಪ" ಅಂದರು. ಹಾಗಂದರೂ ಊಟದ ಹೊತ್ತಿಗೆ ಉಳಿದ ಮಗ್ಗಗಳನ್ನೆಲ್ಲ ನಿಲ್ಲಿಸಿ, ನನಗೋಸ್ಕರ ಒಂದೇ ಮಗ್ಗ ಓಡಿಸಿದರು. ಮಗ್ಗ ನಿಂತಷ್ಟು ಹೊತ್ತೂ ಅವರಿಗೆ ನಷ್ಟ ಅಲ್ವಾ. ಅದರ ಮಾತೇ ಎತ್ತಲಿಲ್ಲ.

ಅಲ್ಲಿ ನೇಯುವ ಅಕ್ಕನೊಬ್ಬರಿಗೆ ನಾನು ಎಷ್ಟು ಸಲ ಕೈ ಮುಗಿದರೂ ಸಾಲದು. ಅಕ್ಕಪಕ್ಕದ ಎರಡು ಮಗ್ಗ ತೋರಿಸಿ ನನ್ನ ಕಿವಿಯ ಹತ್ತಿರ ಬಂದು ಕೂಗಿದರು: "ಇವೆರಡೂ ಒಂದೊಂದ್ಸಲ ಜೊತೆಗೆ ಬಡೀತವೆ, ಆಮೇಲೆ ಬಿಟ್ಟು ಹೋಗ್ತವೆ, ಕೇಳಿಸ್ಕೋ." ಮನೆಗೆ ಬಂದು ರೆಕಾರ್ಡಿಂಗ್ ಅಳೆದು ನೋಡಿದೆ. ಒಂದು ಮಗ್ಗದ ಲಾಳಿ, ಅಂದರೆ ಅಡ್ಡ ನೂಲನ್ನು ಹೊತ್ತು ಓಡುವ ತುಂಡು, ನಿಮಿಷಕ್ಕೆ 110 ಸಲ ಓಡುತ್ತಿತ್ತು, ಇನ್ನೊಂದರದ್ದು 114 ಸಲ. ಆ ನಾಲ್ಕರ ವ್ಯತ್ಯಾಸದಿಂದ 15 ಸೆಕೆಂಡಿಗೊಮ್ಮೆ ಎರಡೂ ಒಟ್ಟಿಗೆ ಬಂದು ಬೀಳುತ್ತವೆ. ನಡುವೆ ಮೆಲ್ಲಗೆ ದೂರ ಸರಿದು, ಅಡ್ಡಾದಿಡ್ಡಿಯಾಗಿ, ಮತ್ತೆ ಹತ್ತಿರ ಬರುತ್ತವೆ. ನೃತ್ಯದ ನಡುಭಾಗ ಪೂರ್ತಿ ನಿಂತಿರುವುದು ಇದರ ಮೇಲೆ. ನಾನು ಅದಕ್ಕೆ ಏನನ್ನೂ ಸೇರಿಸಲಿಲ್ಲ. ಸೇರಿಸಬೇಕು ಅನ್ನಿಸಲೂ ಇಲ್ಲ.

ನಮ್ಮ ನರ್ತಕರೆಲ್ಲ ಭರತನಾಟ್ಯ ಕಲಿತವರು. ಎಂಟಕ್ಷರದ ಆದಿತಾಳ ಅವರ ಮೈಯಲ್ಲೇ ಇದೆ. ಇಲ್ಲಿ ಎಣಿಸಲು ಹೋದರೆ ಲೆಕ್ಕ ಸಿಗುವುದೇ ಇಲ್ಲ. ನಮ್ಮ ನೃತ್ಯ ನಿರ್ದೇಶಕಿ "ಎಣಿಸಬೇಡಿ, ಎರಡೂ ಸೇರುವುದನ್ನು ಕಾಯಿರಿ, ಅದೇ ನಿಮ್ಮ ಸಮ" ಅಂದರು. ಸಮ ಅಂದರೆ ತಾಳ ಶುರುವಾಗುವ ಪೆಟ್ಟು. ಕಾಯುವುದು ಎಷ್ಟು ಕಷ್ಟ ಅನ್ನುವುದನ್ನು ಅಭ್ಯಾಸದಲ್ಲಿ ಕಣ್ಣಾರೆ ಕಂಡೆ. ಒಬ್ಬರೂ ಬೇಸರಪಡಲಿಲ್ಲ. ಮಗ್ಗದ ಮನೆಯಲ್ಲಿ ಮಾತು ಕೇಳಿಸುವುದಿಲ್ಲ, ಹಾಗಾಗಿ ನೇಯುವವರು ಕೈಸನ್ನೆಯಲ್ಲೇ ಮಾತಾಡುತ್ತಾರೆ. ಎಳೆ ಕಡಿದಿದೆ, ಲಾಳಿಯೊಳಗಿನ ನೂಲಿನ ಕಂಡಿಕೆ ಖಾಲಿಯಾಯಿತು, ಟೀ ಬಂತು, ಎಲ್ಲಕ್ಕೂ ಒಂದೊಂದು ಸನ್ನೆ. ಹಸ್ತಮುದ್ರೆ ಕಲಿತ ಈ ಹುಡುಗಿಯರು ಆ ಸನ್ನೆಗಳನ್ನು ನೇಕಾರರ ಮುಂದೆ ನಿಂತು ಕಲಿತರು. ನನ್ನ ಸಂಗೀತದಲ್ಲಿ ಎಲ್ಲಿ ಜಾಗ ಬಿಡಬೇಕು ಅನ್ನುವುದು ನನಗೆ ಗೊತ್ತಾಗಿದ್ದು ಆ ಕೈಗಳನ್ನು ನೋಡಿ.

ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯ ಅಣ್ಣನಿಗೂ ಥ್ಯಾಂಕ್ಸ್. ಬಜರ್ ಒಳಗೆ ಇರುವ ತೆಳ್ಳನೆಯ ಹಿತ್ತಾಳೆ ಬಿಲ್ಲೆ ಇದೆಯಲ್ಲ, ಪೀಜೋ, ಅದಕ್ಕೆ ವೈರು ಬೆಸುಗೆ ಹಾಕಿ ಕೊಟ್ಟವರು ಅವರು. ಸಾಮಾನ್ಯ ಮೈಕ್ ಇಟ್ಟರೆ ಕೋಣೆಯ ಅಬ್ಬರವೆಲ್ಲ ಒಂದಾಗಿ ಬರುತ್ತದೆ. ಈ ಬಿಲ್ಲೆಯನ್ನು ಮಗ್ಗದ ಮರಕ್ಕೆ ಅಂಟಿಸಿದರೆ ಮರದ ನಡುಕ ಮಾತ್ರ ಬರುತ್ತದೆ. ಲಾಳಿ ಈ ಕಡೆಯಿಂದ ಆ ಕಡೆಗೆ ಹೋಗಿ ಪೆಟ್ಟಿಗೆಗೆ ಬಡಿಯುವ ದಪ್ಪ ಸದ್ದು, ಅದರ ಹಿಂದೆಯೇ ನೂಲನ್ನು ಒತ್ತುವ ಬಾಚಣಿಗೆಯಂಥ ಹಣಿಗೆಯ ಸಣ್ಣ ಕಿಟಿಕಿಟಿ. ಹೆಡ್‌ಫೋನಿನಲ್ಲಿ ಮೊದಲ ಸಲ ಕೇಳಿದಾಗ ಮೈ ಜುಮ್ಮೆಂದಿತು.

ಯಜಮಾನರು ಸವೆದುಹೋದ ಒಂದು ಜಕಾರ್ಡ್ ಕಾರ್ಡಿನ ಮಾಲೆಯನ್ನೂ ಕೊಟ್ಟಿದ್ದರು. ತೂತು ಹೊಡೆದ ರಟ್ಟುಗಳವು, ಯಾವ ಎಳೆ ಮೇಲೇಳಬೇಕು ಅಂತ ಹೇಳುವಂಥವು. ಫ್ರಾನ್ಸಿನ ಜಕಾರ್ಡ್ 1804ರಲ್ಲಿ ತಂದ ಈ ಉಪಾಯವೇ ಮುಂದೆ ಕಂಪ್ಯೂಟರಿನ ಪಂಚ್ ಕಾರ್ಡಿಗೂ ದಾರಿಯಾಯಿತು. ಆ ತೂತುಗಳನ್ನೇ ಸೀಕ್ವೆನ್ಸರಿಗೆ, ಅಂದರೆ ಪೆಟ್ಟುಗಳನ್ನು ಸಾಲಾಗಿ ನುಡಿಸುವ ಸಾಧನಕ್ಕೆ, ತುಂಬಿದೆ. ತೂತಿದ್ದರೆ ಪೆಟ್ಟು, ಇಲ್ಲದಿದ್ದರೆ ಮೌನ. ಕೊನೆಯ ಭಾಗದಲ್ಲಿ ನೀವು ಕೇಳಿದ ನಡೆ ಒಂದು ಸೀರೆಯ ಅಂಚು.

ಮಿಕ್ಸಿಂಗ್ ಮಾಡಿದ ಗೆಳೆಯನ ಹಟವನ್ನೂ ಇಲ್ಲಿ ಹೇಳಬೇಕು. ಮಗ್ಗದ ಮನೆಯಲ್ಲಿ ಸದ್ದು 90 ಡೆಸಿಬಲ್ ದಾಟುತ್ತದೆ, ದಿನವಿಡೀ ಅದರಲ್ಲೇ ಇರುವವರ ಕಿವಿ ವರ್ಷ ವರ್ಷ ಮಂದವಾಗುತ್ತದೆ. ಆ ಅಬ್ಬರವನ್ನು ಸಭಾಂಗಣದಲ್ಲಿ ಜೋರಾಗಿ ಹಾಕಿ ಜನರನ್ನು ಬೆಚ್ಚಿಬೀಳಿಸುವುದು ಸುಲಭ. ಅವನು ಒಪ್ಪಲಿಲ್ಲ. ಅದರ ಬದಲು ತಗ್ಗು ಸದ್ದಿನ ಸ್ಪೀಕರ್ ಇರುತ್ತದಲ್ಲ, ಆ ಸಬ್‌ವೂಫರನ್ನು ವೇದಿಕೆಯ ಮರದ ಹಲಗೆಗೆ ತಾಗಿಸಿ ಇಟ್ಟ. 40 ಹರ್ಟ್ಸ್ ಆಸುಪಾಸಿನ ಕಂಪನ ನರ್ತಕರಿಗೆ ಬರಿಗಾಲಿನಲ್ಲೇ ಸಿಕ್ಕಿತು. ಮಗ್ಗ ಸರಿಯಾಗಿ ಓಡುತ್ತಿದೆಯೋ ಇಲ್ಲವೋ ಅಂತ ನೇಯುವವರಿಗೂ ಎಷ್ಟೋ ಸಲ ತಿಳಿಯುವುದು ಕಾಲಿಗೇ.

ನಾನು ಕಂಡೇ ಇರದ ಕೆಲವರಿಗೂ ಋಣಿ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್, ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಮೂಗ್ ಸಿಂಥಸೈಜರ್ ಇರುವ ಸ್ಟುಡಿಯೋ ಕಟ್ಟಿಕೊಟ್ಟರು. ಗೀತಾ ಸಾರಾಭಾಯಿ, ಜಿನರಾಜ್ ಜೋಶಿಪುರ, ಅತುಲ್ ದೇಸಾಯಿ ಮೊದಲಾದವರು ಅಲ್ಲಿ ಕೂತು ಮಾಡಿದ ಟೇಪುಗಳು ದಶಕಗಳ ಕಾಲ ಸುಮ್ನೆ ಬಿದ್ದಿದ್ದವು. ಈಗ ಅವು ಹೊರಗೆ ಬಂದಿವೆ. "ಇದೆಲ್ಲ ನಮ್ಮ ದೇಶದ್ದಲ್ಲ" ಅಂದವರಿಗೆ ನಾನು ಕೇಳಿಸುವುದು ಅದನ್ನೇ.

ಆಟದ ದಿನ ಮಗ್ಗದ ಮನೆಯವರು ಕೆಲಸ ಬಿಟ್ಟು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಮುಗಿದ ಮೇಲೆ ಅದೇ ಅಕ್ಕ ಬಂದು, "ಮೊದಲು ಬಂದಿದ್ದು ಬಾಗಿಲ ಪಕ್ಕದ ಮಗ್ಗ ಅಲ್ವಾ?" ಅಂತ ಕೇಳಿದರು. ಹೌದು, ಅದೇ. ಇದಕ್ಕಿಂತ ದೊಡ್ಡ ವಿಮರ್ಶೆ ನನಗೆ ಸಿಗಲಾರದು.

ಮುಂದಿನ ಪ್ರದರ್ಶನ ದೊಡ್ಡಬಳ್ಳಾಪುರದಲ್ಲೇ ಮಾಡಬೇಕು ಅಂತ ಎಲ್ಲರೂ ಸೇರಿ ನಿರ್ಧರಿಸಿದ್ದೇವೆ, ನೇಕಾರರಿಗೆ ಟಿಕೆಟ್ ಇರುವುದಿಲ್ಲ. ಮರದ ಹಲಗೆಯ ವೇದಿಕೆ ಬೇಕು, ಸಿಮೆಂಟಿನ ನೆಲವಾದರೆ ಕಂಪನ ಕಾಲಿಗೆ ಸಿಗುವುದಿಲ್ಲ. ಆ ಕಡೆ ಅಂಥ ಜಾಗ ಗೊತ್ತಿದ್ದರೆ ದಯವಿಟ್ಟು ತಿಳಿಸಿ.